ಏಳು ಮೇಣದಬತ್ತಿಗಳ ಪಕ್ಕ ಒಂದು ಪುಸ್ತಕ

ಅಮೆರಿಕದ ಕಪ್ಪು ಜನರ ಮನೆಗಳಲ್ಲಿ ಡಿಸೆಂಬರ್ 26ರಿಂದ ಜನವರಿ 1ರವರೆಗೆ ನಡೆಯುವ ಕ್ವಾನ್ಜಾ ಹಬ್ಬದಲ್ಲಿ ಉಡುಗೊರೆಗೂ ಒಂದು ಕಟ್ಟಳೆಯಿದೆ. ಮಕ್ಕಳಿಗೆ ಬೇರೆ ಏನೇ ಕೊಡಿ, ಒಂದು ಪುಸ್ತಕ ಇರಲೇಬೇಕು. ಜೊತೆಗೆ ಪರಂಪರೆಯನ್ನು ನೆನಪಿಸುವ ಒಂದು ವಸ್ತು. ಹಬ್ಬವೆಂದರೆ ಹೊಸ ಬಟ್ಟೆ, ಸಿಹಿಯೂಟ ಸರಿ, ಪುಸ್ತಕವೇಕೆ?

ಇದಕ್ಕೆ ಉತ್ತರ ಹುಡುಕಲು 1740ರಷ್ಟು ಹಿಂದಕ್ಕೆ ಹೋಗಬೇಕು. ಹಿಂದಿನ ವರ್ಷವಷ್ಟೇ ಗುಲಾಮರ ದಂಗೆ ಕಂಡಿದ್ದ ದಕ್ಷಿಣ ಕೆರೊಲಿನಾ ಆಗ ಒಂದು ಕಾನೂನು ತಂದಿತು. ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ. ಮುಂದಿನ ಶತಮಾನದಲ್ಲಿ ದಕ್ಷಿಣದ ಇತರ ರಾಜ್ಯಗಳೂ ಇಂಥ ಕಾನೂನು ಮಾಡಿದವು. ಮುಂದೆ ಗುಲಾಮಗಿರಿಯ ವಿರುದ್ಧ ಹೋರಾಡಿ ಹೆಸರಾದ ಫ್ರೆಡರಿಕ್ ಡಗ್ಲಸ್ ಬಾಲ್ಟಿಮೋರ್‌ನಲ್ಲಿ ಗುಲಾಮ ಹುಡುಗ. ಅವನಿಗೆ ಮನೆಯೊಡತಿ ಅಕ್ಷರ ಹೇಳಿಕೊಡತೊಡಗಿದಾಗ ಅವಳ ಗಂಡ ಅದನ್ನು ತಡೆದ. ಹುಡುಗ ಬಿಡಲಿಲ್ಲ. ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ಡಿನ ತುಂಡು ಕೊಟ್ಟು, ಬದಲಿಗೆ ಓದು ಕಲಿತ.

ಗುಲಾಮಗಿರಿ 1865ರಲ್ಲಿ ಮುಗಿಯಿತು. ಅದಾಗಿ ಸರಿಯಾಗಿ ನೂರು ವರ್ಷಕ್ಕೆ, 1965ರ ಆಗಸ್ಟ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನರೇ ಹೆಚ್ಚಿದ್ದ ವಾಟ್ಸ್ ಬಡಾವಣೆ ಹೊತ್ತಿ ಉರಿಯಿತು. ಪೊಲೀಸರು ಒಂದು ಕಾರು ತಡೆದದ್ದರಿಂದ ಶುರುವಾದ ಗಲಭೆಯಲ್ಲಿ 34 ಜನ ಸತ್ತರು. ಮರುತಿಂಗಳೇ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ ಮಕ್ಕಳ ಪುಸ್ತಕಗಳ ಲೆಕ್ಕವೊಂದನ್ನು ಪ್ರಕಟಿಸಿದರು. 1962ರಿಂದ 64ರವರೆಗೆ ಬಂದ 5,206 ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ವ್ಯಕ್ತಿ ಕಾಣಿಸಿದ್ದು 349ರಲ್ಲಿ. ಚಿತ್ರಪುಸ್ತಕ ತಿರುವುತ್ತಿದ್ದ ಐದು ವರ್ಷದ ಕಪ್ಪು ಹುಡುಗಿಯೊಬ್ಬಳು, ಇದರಲ್ಲಿ ಯಾವಾಗಲೂ ಬಿಳಿ ಮಕ್ಕಳೇ ಯಾಕೆ ಇರುತ್ತಾರೆ ಎಂದು ಕೇಳಿದ ಪ್ರಶ್ನೆಯೊಂದಿಗೇ ಆ ಲೇಖನ ಆರಂಭವಾಗುತ್ತದೆ.

ವಾಟ್ಸ್‌ನ ಬೂದಿ ಆರುವ ಮುನ್ನವೇ, 1966ರಲ್ಲಿ, ಅದೇ ನಗರದಲ್ಲಿ ಮೌಲಾನಾ ಕರೆಂಗಾ ಎಂಬ ಕಪ್ಪು ಹೋರಾಟಗಾರ ಕ್ವಾನ್ಜಾ ಆರಂಭಿಸಿದರು. ಸ್ವಾಹಿಲಿಯಲ್ಲಿ 'ಮತುಂಡಾ ಯಾ ಕ್ವಾನ್ಜಾ' ಎಂದರೆ ಮೊದಲ ಫಲ. ಅಮೆರಿಕಕ್ಕೆ ಸಾಗಿಸಲ್ಪಟ್ಟವರಲ್ಲಿ ಹೆಚ್ಚಿನವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರು, ಸ್ವಾಹಿಲಿ ಪೂರ್ವದ್ದು. ಯಾವುದೇ ಒಂದು ಬುಡಕಟ್ಟಿಗೆ ಅಂಟಿಕೊಳ್ಳದ ಭಾಷೆ ಎಂದೇ ಅದನ್ನು ಆರಿಸಿದ್ದು. ಕರೆಂಗಾ ಮುಂದೆ 1971ರಲ್ಲಿ, ತಮ್ಮದೇ ಸಂಘಟನೆಯ ಮಹಿಳೆಯರನ್ನು ಹಿಂಸಿಸಿದ ಅಪರಾಧಕ್ಕೆ ಜೈಲಿಗೂ ಹೋದರು. ಇದನ್ನು ಮುಚ್ಚಿಡಬೇಕಿಲ್ಲ; ಹಬ್ಬ ಅವರ ಕೈಮೀರಿ ಮನೆಮನೆ ಸೇರಿತು.

ದಿನಕ್ಕೊಂದರಂತೆ ಏಳು ತತ್ತ್ವ, ಏಳು ಮೇಣದಬತ್ತಿ. ಏಳನ್ನೂ ಇಲ್ಲಿ ಪಟ್ಟಿ ಮಾಡುವುದಿಲ್ಲ. ಪುಸ್ತಕದ ನಂಟು ಗಟ್ಟಿಯಾಗಿ ಕಾಣುವುದು ಎರಡನೆಯ ದಿನದ 'ಕುಜಿಚಾಗುಲಿಯಾ'ದಲ್ಲಿ: ನಮ್ಮ ಹೆಸರನ್ನು ನಾವೇ ಇಟ್ಟುಕೊಳ್ಳುವುದು, ನಮ್ಮ ಮಾತನ್ನು ನಾವೇ ಆಡುವುದು. ಆ ಕಾಲದಲ್ಲಿ ಇದು ಬರಿ ಮಾತಾಗಿರಲಿಲ್ಲ. 1965ರಲ್ಲಿ ಡೆಟ್ರಾಯಿಟ್‌ನಲ್ಲಿ ಗ್ರಂಥಪಾಲಕ ಡಡ್ಲಿ ರ‍್ಯಾಂಡಲ್ ಬ್ರಾಡ್‌ಸೈಡ್ ಪ್ರೆಸ್ ಎಂಬ ಪ್ರಕಾಶನ ಕಟ್ಟಿದರು. ಎರಡು ವರ್ಷದ ನಂತರ ಷಿಕಾಗೋದ ನೆಲಮಾಳಿಗೆಯ ಬಾಡಿಗೆ ಮನೆಯೊಂದರಲ್ಲಿ ಹಾಕಿ ಮಧುಬೂತಿ ಎಂಬ ಕವಿ ಮತ್ತು ಗೆಳೆಯರು 400 ಡಾಲರ್, ಒಂದು ಸೈಕ್ಲೋಸ್ಟೈಲ್ ಯಂತ್ರ ಇಟ್ಟುಕೊಂಡು ಥರ್ಡ್ ವರ್ಲ್ಡ್ ಪ್ರೆಸ್ ತೆರೆದರು. ಪುಸ್ತಕದಲ್ಲಿ ತಾವಿಲ್ಲ ಎಂದು ಕೊರಗುವುದರ ಬದಲು ಪುಸ್ತಕವನ್ನೇ ಅಚ್ಚು ಹಾಕಿದರು. ನಾಲ್ಕನೆಯ ದಿನದ 'ಉಜಾಮಾ' ಎಂದರೆ ತಮ್ಮವರ ಅಂಗಡಿಗಳನ್ನು ಕಟ್ಟಿ ಉಳಿಸಿಕೊಳ್ಳುವುದು. ಉಡುಗೊರೆಯ ಪುಸ್ತಕವನ್ನು ಕಪ್ಪು ಜನರೇ ನಡೆಸುವ ಅಂಗಡಿಯಲ್ಲಿ ಕೊಂಡರೆ ಅದೂ ಆಚರಣೆಯೇ.

ಹಬ್ಬದ ಹೆಸರಿನ ಬಗ್ಗೆಯೂ ಒಂದು ಕಥೆ ಹೇಳುತ್ತಾರೆ. ಸ್ವಾಹಿಲಿಯ 'ಕ್ವಾನ್ಜಾ' ಪದಕ್ಕೆ ರೋಮನ್ ಲಿಪಿಯಲ್ಲಿ ಆರೇ ಅಕ್ಷರ. ಮೊದಲ ವರ್ಷದ ಆಚರಣೆಯಲ್ಲಿ ತಲಾ ಒಂದಕ್ಷರಕ್ಕೆ ನಿಲ್ಲಲು ಸಿದ್ಧರಾದ ಮಕ್ಕಳು ಏಳು. ಒಂದು ಮಗುವಿಗೆ ಅಕ್ಷರ ಸಾಲಲಿಲ್ಲ. ಕೊನೆಗೆ ಇನ್ನೊಂದು 'ಎ' ಸೇರಿಸಿದರು.