ಅಭಿಸರಣವಾಗದ ಲೆಕ್ಕ: ದೋಷ ಮಾದರಿಯದೋ, ರಚನೆಯದೋ?

ಉಕ್ಕಿನ ತೊಲೆಯ ಮೇಲೆ ಅಲ್ಪ ಭಾರ ಹೇರಿದರೆ ಅದು ಎಷ್ಟು ಬಾಗುತ್ತದೆಂಬುದನ್ನು ರಚನೆಯನ್ನು ಎಲಿಮೆಂಟ್ ಎಂಬ ಸಣ್ಣ ತುಣುಕುಗಳ ಜಾಲವಾಗಿ ವಿಭಜಿಸಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ತಂತ್ರಾಂಶ ಒಂದೇ ಸುತ್ತಿನ ಲೆಕ್ಕದಲ್ಲಿ ಹೇಳಿಬಿಡುತ್ತದೆ. ಆದರೆ ತೊಲೆಯ ಆಕಾರವೇ ಗಣನೀಯವಾಗಿ ಬದಲಾದಾಗ, ಉಕ್ಕು ಸ್ಥಿತಿಸ್ಥಾಪಕ ಮಿತಿಯನ್ನು ದಾಟಿದಾಗ, ಇಲ್ಲವೇ ಎರಡು ಭಾಗಗಳು ಪರಸ್ಪರ ತಾಗಿ ಬೇರ್ಪಡುವಾಗ, ರಚನೆಯ ಬಿಗಿತ ಹಂತಹಂತಕ್ಕೂ ಬದಲಾಗುತ್ತದೆ. ಆಗ ಬಳಕೆಗೆ ಬರುವ ನ್ಯೂಟನ್-ರಾಫ್ಸನ್ ವಿಧಾನವು ಆ ಕ್ಷಣದ ಬಿಗಿತದಿಂದ ಸ್ಥಾನಪಲ್ಲಟವನ್ನು ಅಂದಾಜಿಸಿ, ಹೊರಗಿನ ಭಾರಕ್ಕೂ ಒಳಗಿನ ಬಲಗಳಿಗೂ ನಡುವೆ ಉಳಿದ ಅಂತರವನ್ನು, ಅಂದರೆ ಶೇಷ ಬಲವನ್ನು ಅಳೆದು, ಅದು ನಗಣ್ಯವಾಗುವವರೆಗೆ ಅಂದಾಜನ್ನು ತಿದ್ದುತ್ತ ಹೋಗುತ್ತದೆ. ಹೀಗೆ ಶೇಷ ಬಲ ನಗಣ್ಯವಾಗಿ ಉತ್ತರ ನೆಲೆಗೊಳ್ಳುವುದೇ ಅಭಿಸರಣ. ಉತ್ತರದ ಸಮೀಪದಲ್ಲಿ ಸರಿಯಾದ ಅಂಕಿಗಳ ಸಂಖ್ಯೆ ಸುತ್ತಿನಿಂದ ಸುತ್ತಿಗೆ ಸುಮಾರು ಇಮ್ಮಡಿಯಾಗುತ್ತದೆ. ದೂರದಿಂದ ಹೊರಟರೆ ಅಂಥ ಭರವಸೆಯೇನೂ ಇಲ್ಲ. ಭಾರವನ್ನು ಸಣ್ಣ ಕಂತುಗಳಲ್ಲಿ ಹೇರುವುದು ಇದಕ್ಕಾಗಿಯೇ.

ಲೆಕ್ಕ ನಿಂತುಹೋದಾಗ ಸಹನಮಿತಿಯನ್ನು, ಅಂದರೆ ಎಷ್ಟು ಶೇಷ ಬಲವನ್ನು ನಗಣ್ಯವೆನ್ನಬೇಕೆಂಬ ಮಿತಿಯನ್ನು, ಸಡಿಲಿಸುವುದು ಸುಲಭದ ದಾರಿ, ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಕೆಟ್ಟ ದಾರಿ. ಅದರಿಂದ ಅಸಮತೋಲನ ಅಳಿಯುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ. ಶೇಷ ಬಲ ಯಾವ ಬಿಂದುವಿನಲ್ಲಿ ಅತಿ ಹೆಚ್ಚಾಗಿದೆ, ಹೇಗೆ ವರ್ತಿಸುತ್ತಿದೆ ಎಂದು ನೋಡುವುದು ಮೇಲು. ಅದು ಎರಡು ಮೌಲ್ಯಗಳ ನಡುವೆ ಹೊಯ್ದಾಡುತ್ತಿದ್ದರೆ ಯಾವುದೋ ಸಂಪರ್ಕ ತೆರೆದು ಮುಚ್ಚುತ್ತಿರಬಹುದು. ಮೊದಲ ಸುತ್ತಿನಲ್ಲೇ ಸ್ಥಾನಪಲ್ಲಟ ವಿಪರೀತವಾದರೆ ಯಾವುದೋ ಭಾಗಕ್ಕೆ ಆಧಾರವೇ ಇರಲಿಕ್ಕಿಲ್ಲ. ಅಂಥಲ್ಲಿ ಮೊದಲು ಆ ಭಾಗವನ್ನು ನಿಗದಿತ ದೂರ ಸರಿಸಿ ಸಂಪರ್ಕ ಏರ್ಪಡಿಸಿ, ಬಳಿಕ ಬಲ ಹೇರಬೇಕು. ಏಕಮಾನಗಳನ್ನೂ ಪರೀಕ್ಷಿಸಬೇಕು: ನ್ಯೂಟನ್-ಮಿಲಿಮೀಟರ್ ಮಾದರಿಯಲ್ಲಿ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕವನ್ನು 2,10,000 ಎನ್ನುವ ಬದಲು 210 ಎಂದು ಬರೆದರೆ ಅದು ಮೆತ್ತನೆಯ ಪ್ಲಾಸ್ಟಿಕ್‌ನಂತೆ ವರ್ತಿಸುತ್ತದೆ.

ಇವೆಲ್ಲ ಮಾದರಿಯ ದೋಷಗಳು. ರಚನೆಯೇ ಶರಣಾಗುವ ಸಂದರ್ಭ ಬೇರೆ. ಕಡಿಮೆ ಎತ್ತರದ ಕಮಾನನ್ನು ಮೇಲಿನಿಂದ ಒತ್ತುತ್ತ ಹೋದರೆ, ಒಂದು ಗರಿಷ್ಠ ಭಾರದಲ್ಲಿ ಅದರ ಸ್ಪರ್ಶಕ ಬಿಗಿತ, ಅಂದರೆ ಆ ಕ್ಷಣದ ಬಿಗಿತ, ಶೂನ್ಯವಾಗಿ, ಕಮಾನು ಥಟ್ಟನೆ ಕೆಳಮುಖವಾಗಿ ಮಗುಚಿಕೊಳ್ಳುತ್ತದೆ. ಅದಕ್ಕಿಂತ ತುಸು ಹೆಚ್ಚಿನ ಭಾರಕ್ಕೆ ಹತ್ತಿರದಲ್ಲೆಲ್ಲೂ ಸಮತೋಲನ ಸ್ಥಿತಿಯೇ ಇಲ್ಲದ್ದರಿಂದ, ಕಂತನ್ನು ಎಷ್ಟು ಕಿರಿದುಗೊಳಿಸಿದರೂ ಪ್ರಯೋಜನವಿಲ್ಲ. ಬಲದ ಬದಲು ಸ್ಥಾನಪಲ್ಲಟವನ್ನು ನಿಯಂತ್ರಿಸಿದರೆ ಹಲವು ಬಾರಿ ಈ ಶಿಖರವನ್ನು ದಾಟಬಹುದು. ಆದರೆ ಕೆಲವು ರಚನೆಗಳಲ್ಲಿ ಭಾರದ ಜೊತೆ ಸ್ಥಾನಪಲ್ಲಟವೂ ಹಿಂದಕ್ಕೆ ತಿರುಗುತ್ತದೆ. ವೆಂಪ್ನರ್ ಮತ್ತು ರಿಕ್ಸ್ 1970ರ ದಶಕದಲ್ಲಿ ಮುಂದಿಟ್ಟ ಆರ್ಕ್-ಲೆಂತ್ ವಿಧಾನ ಇಲ್ಲಿ ನೆರವಾಗುತ್ತದೆ: ಅದು ಭಾರವನ್ನೂ ಅಜ್ಞಾತವೆಂದೇ ಪರಿಗಣಿಸಿ, ಸಮತೋಲನದ ವಕ್ರರೇಖೆಯುದ್ದಕ್ಕೂ ನಿಗದಿತ ಅಂತರದಷ್ಟು ಮುಂದುವರಿಯುತ್ತದೆ.

ಬಿರುಕು ಬಿಡುತ್ತ ಬಲ ಕಳೆದುಕೊಳ್ಳುವ ಕಾಂಕ್ರೀಟಿನಲ್ಲಿ ಇಷ್ಟೂ ಸಾಲದು. ಅಲ್ಲಿ ಹಾನಿಯು ಎಲಿಮೆಂಟುಗಳ ಒಂದೇ ಸಾಲಿನಲ್ಲಿ ಕೇಂದ್ರೀಕರಿಸುವುದರಿಂದ, ಜಾಲವನ್ನು ಸೂಕ್ಷ್ಮಗೊಳಿಸಿದಷ್ಟೂ ಮುರಿತಕ್ಕೆ ವ್ಯಯವಾಗುವ ಶಕ್ತಿ ಲೆಕ್ಕದಲ್ಲಿ ಕುಗ್ಗುತ್ತದೆ. ಲೆಕ್ಕ ಚೆನ್ನಾಗಿ ಅಭಿಸರಿಸಿದರೂ ಉತ್ತರ ತಪ್ಪಾಗಿರುತ್ತದೆ. ಆದ್ದರಿಂದ ಮುರಿತದ ಶಕ್ತಿಯನ್ನು ಎಲಿಮೆಂಟಿನ ಗಾತ್ರಕ್ಕೆ ತಳಕು ಹಾಕಿದ ಮೇಲೆಯೇ ಅಂಥ ಮಾದರಿಯನ್ನು ನಡೆಸಬೇಕಾಗುತ್ತದೆ.