ಎಂಟನೇ ಗೆಣ್ಣು ಎಲ್ಲಿದೆ? ದುಂಡು ಅಣಬೆ ದುಂಬಿಯ ಟಿಪ್ಪಣಿ

ನಿನ್ನೆ ಧಾರವಾಡದಲ್ಲಿ ದಿನವಿಡೀ ಜಿಟಿಜಿಟಿ ಮಳೆ. ರೂಮಿನಲ್ಲೇ ಕೂತು ಅಗಥಿಡಿಯಮ್ ಬುಶಿ ಎಂಬ ದುಂಬಿಯ ಬಗ್ಗೆ ಓದಿದೆ. ಒಂದೇ ಕಡೆ ಎರಡು ತಾಸು ಸಿಕ್ಕಿಹಾಕಿಕೊಂಡೆ. ಮರೆಯುವ ಮೊದಲು ಬರೆದಿಡುತ್ತೇನೆ.

ಇದರ ಕುಟುಂಬ ಲಿಯೊಡಿಡೆ, ಅಂದರೆ ದುಂಡು ಅಣಬೆ ದುಂಬಿಗಳದು. 2005ರಲ್ಲಿ ಕೀಟ ವಿಜ್ಞಾನಿಗಳಾದ ಕೆಲ್ಲಿ ಮಿಲ್ಲರ್ ಮತ್ತು ಕ್ವೆಂಟಿನ್ ವೀಲರ್ 65 ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಅದರಲ್ಲಿ ಇದೂ ಒಂದು. ಆಗಿನ ಅಮೆರಿಕದ ಅಧ್ಯಕ್ಷ ಬುಶ್ ಹೆಸರೇ ಇದಕ್ಕೆ ಬಂದಿದೆ. ಸಿಕ್ಕಿದ್ದು ಓಹಿಯೊ, ವರ್ಜೀನಿಯಾ, ನಾರ್ತ್ ಕೆರೊಲಿನಾದಲ್ಲಿ. ಕೆಲಗೇರಿ ಕೆರೆ ದಂಡೆಯಲ್ಲಿ ಹುಡುಕಬೇಡಿ.

ಈ ಕುಲದ ದುಂಬಿಗಳು ಕೆಲವೇ ಮಿಲಿಮೀಟರ್ ಉದ್ದ. ಹೆದರಿದರೆ ಹಲವು ಜಾತಿಗಳು ತಲೆ ಒಳಗೆಳೆದು ಚೆಂಡಾಗುತ್ತವೆ. ತಿನ್ನುವುದು ಲೋಳೆ ಬೂಸ್ಟು. ಅದು ಕೊಳೆತ ಕಟ್ಟಿಗೆಯ ಮೇಲೆ ಅಮೀಬಾದಂತೆ ಹರಿದಾಡುತ್ತದೆ, ಆಮೇಲೆ ಬೀಜಕ ಬಿಡುತ್ತದೆ. ದುಂಬಿಯ ಹೆಸರಿನಲ್ಲಿ ಅಣಬೆ ಇದ್ದರೂ ಲೋಳೆ ಬೂಸ್ಟು ಅಣಬೆಯಲ್ಲ. ಇದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ.

ಈಗ ನನ್ನನ್ನು ಕಾಡಿದ ವಿಷಯ. ಲಿಯೊಡಿಡೆ ಕುಟುಂಬದ ಗುರುತು ತಲೆಯ ಕುಡಿಮೀಸೆಯ (ಆಂಟೆನಾ) ಗೆಣ್ಣುಗಳಲ್ಲಿದೆ: "8ನೇ ಗೆಣ್ಣು 7 ಮತ್ತು 9ಕ್ಕಿಂತ ಸಣ್ಣದು." ಚಿತ್ರ ನೋಡಿ ಎಣಿಸಿದೆ. ಸಣ್ಣ ಗೆಣ್ಣು ನಾಲ್ಕನೆಯದಾಗಿ ಬಂತು! ಮತ್ತೆ ಎಣಿಸಿದರೂ ನಾಲ್ಕೇ. ಚಿತ್ರವೇ ತಪ್ಪಿರಬೇಕು ಅಂದುಕೊಂಡೆ. ತಪ್ಪು ಚಿತ್ರದ್ದಲ್ಲ, ನಾನು ತುದಿಯಿಂದ ಎಣಿಸುತ್ತಿದ್ದೆ.

ಜೋಳದ ದಂಟು ನೆನೆಸಿಕೊಳ್ಳಿ. ಗೆಣ್ಣು ಎಣಿಸುವುದು ಬುಡದಿಂದ ಅಲ್ವಾ? ಇಲ್ಲೂ ಹಾಗೇ. ತಲೆಗೆ ಅಂಟಿದ್ದು 1, ತುದಿಯದು 11. ತುದಿಯಿಂದ ನಾಲ್ಕನೆಯದು ಅಂದರೆ 11, 10, 9, 8. ಅದೇ ಎಂಟು!

ಹಾಗಾಗಿ ಈಗ ಬುಡದಿಂದ ಎಣಿಸುವ ಗೋಜಿಗೇ ಹೋಗುವುದಿಲ್ಲ. ಬುಡದ ಗೆಣ್ಣುಗಳು ತಲೆಯ ಕೆಳಗೆ ಅಡಗಿರುವುದೇ ಜಾಸ್ತಿ. ತುದಿಯಿಂದ ನೋಡುತ್ತಾ ಬಾಯಲ್ಲಿ ಹೇಳಿಕೊಳ್ಳುತ್ತೇನೆ: "ದೊಡ್ಡವು ಮೂರು, ಸಣ್ಣದೊಂದು, ಮತ್ತೆ ದೊಡ್ಡದೊಂದು." ಈ ಐದೂ ಸೇರಿ ಗದೆ, ಅಂದರೆ ಮೀಸೆಯ ದಪ್ಪ ತುದಿಭಾಗ. ನಡುವೆ ಸಣ್ಣದು ಬಂದಿರುವುದರಿಂದ ಗದೆ ಮುರಿದಂತೆ ಕಾಣುತ್ತದೆ. ಗುಲಗಂಜಿ ಹುಳವೂ ದುಂಡಗೇ ಇದೆ, ಆದರೆ ಅದರ ಮೀಸೆಯಲ್ಲಿ ಈ ಮುರಿತ ಇಲ್ಲ.

ಒಂದು ಎಚ್ಚರಿಕೆ. ಈ ಕುಟುಂಬದ ಕೆಲವು ದುಂಬಿಗಳಲ್ಲಿ ಗೆಣ್ಣು 10 ಮಾತ್ರ. ಇನ್ನು ಕೆಲವದರಲ್ಲಿ ಗದೆಗೆ ಐದು ಗೆಣ್ಣು ಇರುವುದಿಲ್ಲ. ಅಲ್ಲಿ ನನ್ನ ಲೆಕ್ಕ ಕೂಡುವುದಿಲ್ಲ, ಮೊದಲು ಒಟ್ಟು ಎಣಿಸಿಕೊಳ್ಳಿ.