ಎ4 ಮುಟ್ಟಿದೆ, ನಾನೀಗ ಟೆನರಾ?

ಪ್ರಶ್ನೆ: ಮೊಬೈಲ್ ಆಪ್‌ನಲ್ಲಿ ನನ್ನ ದನಿ ಅಳೆದು ನೋಡಿದೆ. ಕೆಳಗೆ ಎ2, ಮೇಲೆ ಎ4 ಎಂದು ತೋರಿಸಿತು. ಒಬ್ಬ ಗೆಳೆಯ ಬ್ಯಾರಿಟೋನ್ ಅಂತಾನೆ, ಇನ್ನೊಬ್ಬ ಟೆನರ್ ಅಂತಾನೆ. ನಾನು ಯಾವುದು? ಕ್ಲಾಸಿನಲ್ಲಿ ಮೇಷ್ಟ್ರು ಒಂದು ಮನೆ ಶ್ರುತಿಗೆ ಹಾಡಿಸುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಬಹುಶಃ ಬ್ಯಾರಿಟೋನ್, ಅಂದರೆ ಗಂಡಸರ ನಡುವಿನ ದನಿ; ಟೆನರ್ ಅದಕ್ಕಿಂತ ಮೇಲಿನದು. ಆದರೆ ಬರೀ ಆ ಎರಡು ಸ್ವರ ನೋಡಿ ಹೇಳುವುದಾದರೆ ಅದು ಊಹೆಯೇ. (ಎ2, ಎ4 ಎನ್ನುವಲ್ಲಿ ಅಕ್ಷರ ಪಾಶ್ಚಾತ್ಯ ಸ್ವರದ ಹೆಸರು, ಅಂಕೆ ಅದರ ಸ್ಥಾಯಿ; ಅಂಕೆ ಹೆಚ್ಚಿದಷ್ಟೂ ಸ್ವರ ಮೇಲೆ.)

ಈ ಹೆಸರುಗಳು ಯಾಕೆ ಬೇಕಾದವು ಅನ್ನುವುದನ್ನು ಮೊದಲು ನೋಡೋಣ. ನಮ್ಮಲ್ಲಿ ಹಾಡುವವರ ಗಂಟಲಿಗೆ ತಕ್ಕಂತೆ ಶ್ರುತಿ ಇಟ್ಟುಕೊಳ್ಳುತ್ತೇವೆ. ಅದೇ ಕೀರ್ತನೆಯನ್ನು ಒಬ್ಬರು ಒಂದು ಮನೆಗೆ ಹಾಡಿದರೆ ಇನ್ನೊಬ್ಬರು ಎರಡೂವರೆಗೆ ಹಾಡುತ್ತಾರೆ, ಯಾರೂ ಬೇಡ ಅನ್ನುವುದಿಲ್ಲ. ಯುರೋಪಿನ ಒಪೇರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದಲ್ಲಿ, ಆ ಸೌಕರ್ಯ ಕಡಿಮೆ. ಸಂಯೋಜಕ ಪ್ರತಿ ಪಾತ್ರಕ್ಕೂ ಇಂಥದ್ದೇ ಸ್ವರ ಎಂದು ಬರೆದಿಟ್ಟಿರುತ್ತಾನೆ, ಇಡೀ ವಾದ್ಯವೃಂದ ಅದನ್ನೇ ನುಡಿಸುತ್ತದೆ. ಹಾಡಿನ ಶ್ರುತಿಯನ್ನು ಜರುಗಿಸುವಂತಿಲ್ಲ, ಹಾಗಾಗಿ ಅದಕ್ಕೆ ಹೊಂದುವ ಗಂಟಲನ್ನೇ ಹುಡುಕಬೇಕು. ಮೊಝಾರ್ಟ್ 1791ರಲ್ಲಿ ಬರೆದ ‘ದಿ ಮ್ಯಾಜಿಕ್ ಫ್ಲೂಟ್’ ನೋಡಿ. ಅದರಲ್ಲಿ ಸರಾಸ್ಟ್ರೋ ಪಾತ್ರದ ಬಾಸ್ (ಗಂಡಸರ ಅತಿ ಕೆಳಗಿನ ದನಿ) ಗಾಯಕ ಎಫ್2ರವರೆಗೆ ಇಳಿಯಬೇಕು, ಅಂದರೆ ಸುಮಾರು 87 ಹರ್ಟ್ಸ್. ರಾತ್ರಿಯ ರಾಣಿಯ ಪಾತ್ರದ ಸೊಪ್ರಾನೊ (ಹೆಂಗಸರ ಅತಿ ಮೇಲಿನ ದನಿ) ಎಫ್6ಕ್ಕೆ ಏರಬೇಕು, ಅದು ಸುಮಾರು 1,397 ಹರ್ಟ್ಸ್. ಒಂದೇ ನಾಟಕ, ನಡುವೆ ನಾಲ್ಕು ಸ್ಥಾಯಿ!

ಇನ್ನು ಪಟ್ಟಿ. ಗಂಡಸರಲ್ಲಿ ಬಾಸ್ ಸುಮಾರು ಇ2ರಿಂದ ಇ4, ಬ್ಯಾರಿಟೋನ್ ಜಿ2ರಿಂದ ಜಿ4, ಟೆನರ್ ಸಿ3ರಿಂದ ಸಿ5. ಹೆಂಗಸರಲ್ಲಿ ಕಾಂಟ್ರಾಲ್ಟೊ ಎಫ್3ರಿಂದ ಎಫ್5, ಮೆಝೊ ಎ3ರಿಂದ ಎ5, ಸೊಪ್ರಾನೊ ಸಿ4ರಿಂದ ಸಿ6. ಒಂದೊಂದು ಪುಸ್ತಕದಲ್ಲಿ ಒಂದೆರಡು ಸ್ವರ ಆಚೀಚೆ ಇರುತ್ತದೆ. ಈ ಗೆರೆಗಳು ಒಂದರ ಮೇಲೊಂದು ಎಷ್ಟು ಹಾಯುತ್ತವೆ ಗಮನಿಸಿದಿರಾ? ನಿಮ್ಮ ಗೆಳೆಯರ ಜಗಳಕ್ಕೆ ಅದೇ ಕಾರಣ.

ಆದ್ದರಿಂದ ಕಲಿಸುವವರು ತುದಿಗಳನ್ನು ಜಾಸ್ತಿ ನಂಬುವುದಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಒಮ್ಮೆ ಎ4 ಮುಟ್ಟಿದ್ದು ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಹಾಡಿದರೂ ಗಂಟಲು ಎಲ್ಲಿ ದಣಿಯುವುದಿಲ್ಲ ಎಂದು ನೋಡುತ್ತಾರೆ. ಅದಕ್ಕೆ ಟೆಸಿಟುರಾ ಅಂತ ಹೆಸರು. ಎರಡನೆಯದು, ಮೇಲಕ್ಕೆ ಹೋಗುವಾಗ ದನಿ ಎಲ್ಲಿ ತಿರುಗುತ್ತದೆ ಅನ್ನುವುದು. ನಿಧಾನವಾಗಿ ‘ಆ’ಕಾರದಲ್ಲಿ ಏರುತ್ತಾ ಹೋಗಿ. ಒಂದು ಕಡೆ ದನಿ ಸುಮ್ನೆ ಬಿಗಿಯುತ್ತದೆ, ಇಲ್ಲವೇ ತೆಳ್ಳಗಾಗಿ ಬೇರೆ ಕಡೆಗೆ ಜಾರುತ್ತದೆ. ಆ ತಿರುವು ಬ್ಯಾರಿಟೋನ್‌ಗೆ ಸಾಮಾನ್ಯವಾಗಿ ಡಿ4–ಇ4ರ ಆಸುಪಾಸು, ಟೆನರ್‌ಗೆ ಇನ್ನೂ ಒಂದೆರಡು ಸ್ವರ ಮೇಲೆ. ಮೂರನೆಯದು ದನಿಯ ಬಣ್ಣ. ಇದನ್ನು ಆಪ್ ಅಳೆಯಲಾರದು, ಪಳಗಿದ ಕಿವಿಯೇ ಬೇಕು.

ಅಂಥ ಕಿವಿಗಳಿಗೂ ಗೊಂದಲ ಆಗುತ್ತದೆ. ಒಪೇರಾ ಗಾಯಕ ಪ್ಲಾಸಿಡೊ ಡೊಮಿಂಗೊ 1959ರಲ್ಲಿ ಮೆಕ್ಸಿಕೋದ ಒಪೇರಾ ಆಡಿಷನ್‌ಗೆ ಹೋದಾಗ ಬ್ಯಾರಿಟೋನ್ ಎಂದೇ ಹಾಡಿದರು. ಕೇಳಿದವರು ಅವರಿಂದ ಟೆನರ್ ಹಾಡುಗಳನ್ನು ಹಾಡಿಸಿ ನೋಡಿದರು. ಮುಂದೆ ಜಗತ್ತೇ ಅವರನ್ನು ಟೆನರ್ ಎಂದು ಮೆರೆಸಿತು. 2009ರಲ್ಲಿ ಅವರು ಮತ್ತೆ ಬ್ಯಾರಿಟೋನ್ ಪಾತ್ರಕ್ಕೆ ಬಂದರು!

ನಿಮ್ಮ ಮೇಷ್ಟ್ರ ಒಂದು ಮನೆಗೆ ಬರೋಣ. ಒಂದು ಮನೆ ಅಂದರೆ ಷಡ್ಜ, ಅಂದರೆ ‘ಸ’, ಸಿ ಸ್ವರಕ್ಕೆ, ಗಂಡು ದನಿಗೆ ಸಿ3. ಕಛೇರಿಯಲ್ಲಿ ಸಾಮಾನ್ಯವಾಗಿ ಮಂದ್ರ ಪಂಚಮದಿಂದ (ಕೆಳಸ್ಥಾಯಿಯ ‘ಪ’) ತಾರ ಪಂಚಮದವರೆಗೆ (ಮೇಲುಸ್ಥಾಯಿಯ ‘ಪ’) ಓಡಾಟ. ಅದು ಜಿ2ರಿಂದ ಜಿ4, ಥೇಟ್ ಬ್ಯಾರಿಟೋನ್ ಜಾಗ. ಮೇಷ್ಟ್ರು ಆ ಹೆಸರು ಹೇಳದೆಯೇ ನಿಮ್ಮ ದನಿಯನ್ನು ಗುರುತಿಸಿದ್ದಾರೆ ಅಂತ ನನ್ನ ಅನಿಸಿಕೆ.

ಆದರೆ ಇದೇ ಲೆಕ್ಕ ಹೆಂಗಸರಿಗೆ ಕೈಕೊಡುತ್ತದೆ. ಐದು ಮನೆಗೆ ಹಾಡುವವರ ಷಡ್ಜ ಜಿ3. ಅವರ ಓಡಾಟ ಡಿ3ರಿಂದ ಡಿ5, ಕಾಂಟ್ರಾಲ್ಟೊಗಿಂತಲೂ ಕೆಳಗೆ. ಹಾಗಂತ ನಮ್ಮ ಗಾಯಕಿಯರೆಲ್ಲ ಕಾಂಟ್ರಾಲ್ಟೊಗಳಾ? ಇಲ್ಲ. ನಾವು ಹೆಚ್ಚಾಗಿ ಮಾತಾಡುವಂಥ ಗಟ್ಟಿಯಾದ ಎದೆಯ ದನಿಯಲ್ಲೇ ಹಾಡುತ್ತೇವೆ, ಒಪೇರಾದ ಸೊಪ್ರಾನೊ ಮೇಲಿನ ಸ್ವರಗಳಿಗೆ ಹಗುರವಾದ ತಲೆಯ ದನಿ ಬಳಸುತ್ತಾಳೆ. ಗಂಗೂಬಾಯಿ ಹಾನಗಲ್ ಅವರ ಮಾತು ಬೇರೆ. ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿ ಗಂಡು ದನಿಯಷ್ಟು ದಪ್ಪವಾಯಿತು, ಅದೇ ದನಿಯಲ್ಲಿ ಅವರು ಹಿಂದೂಸ್ತಾನಿಯ ಕಿರಾಣಾ ಘರಾಣೆಯ ಗಾಯಕಿಯಾಗಿ ದೇಶವನ್ನೆಲ್ಲ ಗೆದ್ದರು.

ಒಂದು ವಿಷಯ ನೀವು ಬರೆದಿಲ್ಲ, ನಿಮ್ಮ ವಯಸ್ಸು. ದನಿ ಒಡೆದು ಇನ್ನೂ ಒಂದೆರಡು ವರ್ಷ ಆಗಿದ್ದರೆ ಈ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ. ಇಪ್ಪತ್ತು ದಾಟಿದ ಮೇಲೆ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ ನೋಡಿ. ಅಲ್ಲಿಯವರೆಗೆ ಒಂದು ಮನೆಯಲ್ಲೇ ಇರಿ.